ನಾಲ್ಕನೇ ದಿನಕ್ಕೇ ಹಳದಿ

“ಸಹಿ ಹಾಕಲ್ಲ,” ಎಂದಳು ನನ್ನ ನಾದಿನಿ.

ನಿರ್ದೇಶಕಿಯ ಮೇಜಿನ ಮೇಲೆ ಒಂದೇ ಒಂದು ಹಾಳೆ. ಅದರ ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು. ಮುಚ್ಚಳವನ್ನೂ ತಾವೇ ತೆಗೆದುಕೊಟ್ಟಿದ್ದಾರಲ್ಲ, ಎಂಥ ಉಪಚಾರ ಎಂದುಕೊಂಡೆ.

“ಇನ್ನೊಂದ್ಸಲ ಓದಿ ನೋಡಮ್ಮ,” ಎಂದರು ನಿರ್ದೇಶಕಿ. ದನಿ ಏರಿಸುವ ಹೆಂಗಸಲ್ಲ ಅವರು. ಏರಿಸದೆಯೇ ಕೆಲಸ ಆಗುತ್ತದೆ ಎಂದು ಗೊತ್ತಿರುವವರು.

“ಓದಿದೆ ಮೇಡಂ. ‘ನೀಲಿ ಪಟ್ಟಿಯ ಟ್ಯೂಬುಗಳಿಗೆ ಅವಧಿ ಮುಗಿದ ಮೊಲದ ಸೀರಂ ಹಾಕಿದ್ದು ನನ್ನ ಅಜಾಗರೂಕತೆ’ ಅಂತಿದೆ. ನಾನು ಹಾಕಿಲ್ಲ. ಹಾಕದೇ ಇರೋದಕ್ಕೆ ಸಹಿ ಹೇಗೆ ಹಾಕ್ಲಿ?”

ಕಿಟಕಿಯ ಹತ್ತಿರ ಕೂತಿದ್ದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಸಂಸ್ಥೆಯ ಮುಖ್ಯ ವಿಜ್ಞಾನಿ ಅವರು. ಇಲ್ಲಿರುವ ಅರ್ಧ ಜನರಿಗೆ ಪಾಠ ಹೇಳಿದ್ದರಿಂದ ಎಲ್ಲರಿಗೂ ಮೇಷ್ಟ್ರೇ. ಮೂಲೆಯ ಚಿಕ್ಕ ಮೇಜಿನಲ್ಲಿ ನಿರ್ದೇಶಕಿಯ ಆಪ್ತ ಸಹಾಯಕ ತಲೆ ತಗ್ಗಿಸಿಕೊಂಡು ನಡಾವಳಿ ಬರೆಯುತ್ತಿದ್ದ. ಆ ಹಾಳೆಯನ್ನು ಟೈಪ್ ಮಾಡಿದವನೂ ಅವನೇ. ಅವನು ನನ್ನ ನಾದಿನಿಯ ಒಡಹುಟ್ಟಿದ ಅಣ್ಣ, ನನ್ನ ಕೈಹಿಡಿದ ಗಂಡ. ನನ್ನ ಮೈ ಉರಿಯುತ್ತಿದ್ದುದು ಯಾಕೆಂದು ಈಗ ನಿಮಗೆ ಅರ್ಥವಾಗಿರಬೇಕು.

ಕಥೆ ಇಷ್ಟೇ: ಲೈಮ್ ಕಾಯಿಲೆಗೆ ಲಸಿಕೆ ಕಂಡುಹಿಡಿದೆವೆಂದು ಈ ಸಂಸ್ಥೆ ಲೋಕಕ್ಕೆಲ್ಲ ಸಾರಿತ್ತು. ಬೇರೆ ಪ್ರಯೋಗಾಲಯದವರು ಅದನ್ನೇ ಮತ್ತೆ ಮಾಡಿ ನೋಡಿದರೆ ಲಸಿಕೆ ಒಂದು ಇಲಿಯನ್ನೂ ಕಾಯಲಿಲ್ಲ. ಈಗ ತಪ್ಪು ಹೊರಲು ಒಂದು ಹೆಗಲು ಬೇಕಿತ್ತು.

“ಸಹಿ ಹಾಕಿದ್ರೆ ಇದು ಕೈತಪ್ಪು,” ಎಂದರು ನಿರ್ದೇಶಕಿ. “ಮನುಷ್ಯರಿಂದ ತಪ್ಪು ಆಗುತ್ತೆ. ನೀವು ಮನೆಗೆ ಹೋಗ್ತೀರಿ, ವಿಷಯ ಮುಗಿಯುತ್ತೆ. ಹಾಕದೇ ಇದ್ರೆ ಇದನ್ನ ಮೋಸ ಅಂತ ತನಿಖೆಗೆ ಕಳಿಸ್ಬೇಕಾಗುತ್ತೆ.”

“ಕಳಿಸಿ.”

“ಪುಟ್ಟೀ…” ಎಂದ ಮೂಲೆಯಿಂದ ನನ್ನ ಗಂಡ.

“ನೀನು ಬರಿ ಅಣ್ಣ. ‘ಸಹಿ ಹಾಕಲ್ಲ ಅಂದಳು’ ಅಂತ ಬರಿ.”

ನಾನು ಎದ್ದು ನಿಂತೆ. ಆರೋಪ ಹೊತ್ತವರ ಜೊತೆ ಒಬ್ಬರು ಇರಬಹುದೆಂದು ಇಲ್ಲಿನ ನಿಯಮ ಹೇಳುತ್ತದೆ. ಪೊಲೀಸ್ ಕೆಲಸದಲ್ಲಿ ಮೇಲಿನವರ ಮಾತು ಕೇಳದೆ ಹೊರಬಿದ್ದ ನನ್ನಂಥವಳು ಆ ಒಬ್ಬರಾಗುತ್ತಾಳೆಂದು ನಿಯಮ ಬರೆದವರು ಎಣಿಸಿರಲಿಲ್ಲ, ಅಷ್ಟೇ.

“ಮೂರು ದಿನದಿಂದ ಇವಳನ್ನ ಇವಳ ಕೋಣೆಗೇ ಬಿಟ್ಟಿಲ್ಲ,” ಎಂದೆ. “ಉತ್ತರ ಕೊಡೋಕೆ ಅವಳ ಕಾಗದ ಪತ್ರ ಬೇಕಲ್ಲ? ಸಾಯಂಕಾಲದವರೆಗೆ ಬಿಡಿ.”

ನಿರ್ದೇಶಕಿ ಗೋಡೆಯ ಗಡಿಯಾರ ನೋಡಿದರು. ಹನ್ನೊಂದೂ ಕಾಲು.

“ನಾಲ್ಕು ಗಂಟೆ,” ಎಂದರು. “ಅಷ್ಟರೊಳಗೆ ಈ ಹಾಳೆ ಮೇಲೆ ಸಹಿ ಇರ್ಬೇಕು, ಇಲ್ಲಾ ನಾನು ಫೋನ್ ಎತ್ತಬೇಕು.”

*

ನಾದಿನಿಯ ಕೋಣೆಯನ್ನು ಇಡೀ ಸಂಸ್ಥೆ ‘ಅಡುಗೆಮನೆ’ ಎನ್ನುತ್ತದೆ, ಅವಳನ್ನು ‘ಅಡುಗೆಮನೆ ಅಕ್ಕ’ ಎನ್ನುತ್ತದೆ. ಬ್ಯಾಕ್ಟೀರಿಯಾಗಳು ತಿಂದು ಬೆಳೆಯುವ ಸಾರು ತಯಾರಾಗುವುದು ಅಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಅವಳೇ ಮಾಡುತ್ತಿದ್ದಾಳೆ. ಮನೆಯಲ್ಲಿ ಒಲೆಯ ಹತ್ತಿರವೂ ಸುಳಿಯುವುದಿಲ್ಲ, ಆ ಜಗಳ ಬೇರೆ.

ಕೋಣೆ ಕನ್ನಡಿಯ ಹಾಗಿತ್ತು. ತೂಕದ ಯಂತ್ರ, ತನ್ನಷ್ಟಕ್ಕೆ ತಾನೇ ಕಲಕುವ ತಟ್ಟೆ, ಸೋಸುವ ಬಾಟಲಿಗಳು, ಒಂದೇ ಎತ್ತರದಲ್ಲಿ ಸಾಲಾಗಿ ನಿಂತ ಡಬ್ಬಗಳು. ಒಂದು ಡಬ್ಬ ಅರ್ಧ ಅಂಗುಲ ಮುಂದೆ ಬಂದಿತ್ತು. ಅವಳು ಬಾಗಿಲಲ್ಲೇ ನಿಂತು ಅದನ್ನು ನೋಡಿ ಹಲ್ಲು ಕಡಿದಳು.

“ಯಾರೋ ಕೈಯಾಡ್ಸಿದಾರೆ.”

“ಸೀರಂ ಹುಡುಕಿರ್ತಾರೆ. ಅವಧಿ ಮುಗಿದಿದ್ದು ಸಿಕ್ಕಿಲ್ಲ, ಸಿಕ್ಕಿದ್ರೆ ಇಷ್ಟು ಹೊತ್ತಿಗೆ ಮೇಜಿನ ಮೇಲಿರ್ತಿತ್ತು. ಸರಿ, ಈಗ ನನಗೆ ಮಗೂಗೆ ಹೇಳೋ ಹಾಗೆ ಹೇಳು.”

“ಮಗು ಆದ್ರೆ ಬೇಗ ಅರ್ಥ ಮಾಡ್ಕೊಳ್ಳುತ್ತೆ ಅತ್ತಿಗೆ. ನಿಮ್ಗೆ ಕಷ್ಟ.”

ಪ್ರಾಣಕ್ಕೆ ಬಂದಾಗಲೂ ನನ್ನನ್ನು ಕುಟುಕುವುದು ಬಿಡಳು. ಅದನ್ನು ನೋಡಿ ನನಗೆ ಧೈರ್ಯ ಬಂತು.

ಅವಳು ಹೇಳಿದ್ದು ಹೀಗೆ. ಲೈಮ್ ಕಾಯಿಲೆ ತರುವುದು ಬೊರೀಲಿಯಾ ಎಂಬ ಬ್ಯಾಕ್ಟೀರಿಯಾ. ತೆಳ್ಳಗೆ, ಉದ್ದಕ್ಕೆ, ಸುರುಳಿ ಸುತ್ತಿದ ದಾರದ ಹಾಗಿರುತ್ತದೆ. ಹುಲ್ಲಲ್ಲಿ, ಪೊದೆಯಲ್ಲಿ ಕಾದು ಕೂತಿರುವ ಉಣುಗು ಕಚ್ಚಿದಾಗ ಮೈಗೆ ಸೇರುತ್ತದೆ. ಮೊದಲು ಚರ್ಮದ ಮೇಲೆ ಕೆಂಪು ಬಳೆಯಂಥ ಗುರುತು, ಬಿಟ್ಟರೆ ಕೀಲು, ಹೃದಯ, ನರ. ಮೈಯಲ್ಲಿ ಇಷ್ಟು ಗಟ್ಟಿಗ, ಆದರೆ ಟ್ಯೂಬಿನಲ್ಲಿ ಸಾಕುವುದಕ್ಕೆ ಹೋದರೆ ಮಹಾ ನಖರಾ. ಮೊಲದ ರಕ್ತದಿಂದ ತೆಗೆದ ಸೀರಂ ಬೇಕು, ಸಕ್ಕರೆ ಬೇಕು, ಜೀವಸತ್ವ ಬೇಕು, ಒಂದು ಕಮ್ಮಿಯಾದರೂ ಮುಷ್ಕರ.

“ಲಸಿಕೆ ಹಾಕಿದ ಇಲಿಗಳಿಗೆ ಚುಚ್ಚಿದ್ದು ನೀಲಿ ಪಟ್ಟಿ ಟ್ಯೂಬು,” ಎಂದಳು. “ಹಾಕದೇ ಇದ್ದ ಇಲಿಗಳಿಗೆ ಬಿಳಿ ಪಟ್ಟೀದು. ನೀಲಿ ಇಲಿಗಳಿಗೆ ಏನೂ ಆಗ್ಲಿಲ್ಲ. ಲಸಿಕೆ ಗೆದ್ದಿತು ಅಂತ ಕುಣಿದ್ರು. ಈಗ ಅವು ಬದುಕಿದ್ದು ಲಸಿಕೆಯಿಂದ ಅಲ್ಲ ಅಂತ ಗೊತ್ತಾಗಿದೆ. ಅದಕ್ಕೇ ನನ್ನ ಸಾರು ಕೆಟ್ಟಿತ್ತು, ಬ್ಯಾಕ್ಟೀರಿಯಾ ಸೊರಗಿತ್ತು ಅಂತಿದಾರೆ.”

“ಕೆಟ್ಟಿರ್ಲಿಲ್ಲ ಅಂತ ತೋರಿಸೋಕೆ ಏನಿದೆ?”

ಅವಳು ಕೆಳಗಿನ ಖಾನೆಯಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. ರಟ್ಟು ಕಿತ್ತು ಬಂದಿತ್ತು. ಜೊತೆಗೆ ಕೆಂಪು, ಕಿತ್ತಳೆ, ಹಳದಿ ಬಣ್ಣದ ಪೆನ್ಸಿಲ್ಲುಗಳು, ತುಂಡಾಗುವಷ್ಟು ಸವೆದವು.

“ನಗಬಾರ್ದು,” ಎಂದಳು.

ಪುಟದ ತುಂಬ ಚಿಕ್ಕಚಿಕ್ಕ ಚೌಕಗಳು. ದಿನಕ್ಕೊಂದು ಚೌಕ, ಚೌಕಕ್ಕೊಂದು ಬಣ್ಣ. ಶಾಲೆಯ ಮಗು ಬಿಡಿಸಿದ ಹಾಗಿತ್ತು.

ಅವಳ ಸಾರಿಗೆ ಒಂದು ಬಣ್ಣ ಬೆರೆಸಿರುತ್ತಾರಂತೆ. ಹೊಸದಾಗಿದ್ದಾಗ ಕೆಂಪು. ಬ್ಯಾಕ್ಟೀರಿಯಾ ತಿಂದು ಬೆಳೆದಂತೆಲ್ಲ ಸಾರು ಹುಳಿಯಾಗುತ್ತದೆ, ಹುಳಿಯಾದಂತೆಲ್ಲ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುತ್ತದೆ. ವಿಜ್ಞಾನಿಗಳು ಬಣ್ಣ ನಂಬುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುತ್ತಾರೆ. ಇವಳು ಮಾತ್ರ ದಿನಾ ಬೆಳಿಗ್ಗೆ, ಟ್ಯೂಬುಗಳನ್ನು ಬೆಳೆಯಲು ಇಡುವ ಬೆಚ್ಚನೆಯ ಪೆಟ್ಟಿಗೆ ತೆರೆದು, ತನ್ನ ಸಾರು ಯಾರಿಗೆ ಎಷ್ಟು ರುಚಿಸಿದೆ ಎಂದು ನೋಡಿ ಬಣ್ಣ ಬಳಿಯುತ್ತಾಳೆ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಬಡಿಸಿದವಳಿಗೆ ಊಟ ಮಾಡುವವರ ಮುಖ ನೋಡುವ ಆಸೆ.

“ಆ ತಿಂಗಳದು ತೋರ್ಸು.”

ತೋರಿಸಿದಳು. ಬಿಳಿ ಪಟ್ಟಿಯ ಸಾಲು ಏಳನೇ ತಾರೀಕು ಶುರುವಾಗಿತ್ತು. ಕೆಂಪು, ಕೆಂಪು, ಕೆಂಪು, ಆಮೇಲೆ ಕಿತ್ತಳೆ, ಹದಿನಾರನೇ ತಾರೀಕಿಗೆ ಹಳದಿ. ನೀಲಿ ಪಟ್ಟಿಯ ಸಾಲು ಹನ್ನೆರಡಕ್ಕೆ ಶುರು. ಹದಿನಾರಕ್ಕೆ ಅದೂ ಹಳದಿ.

ನಾನು ಎರಡು ಸಲ ಬೆರಳಿಟ್ಟು ಎಣಿಸಿದೆ.

“ಬಿಳಿಗೆ ಒಂಬತ್ತು ದಿನ. ನೀಲಿಗೆ ನಾಲ್ಕೇ ದಿನ. ಕೆಟ್ಟ ಸಾರು ಕುಡಿದಿದ್ದು ಮೊದಲೇ ಬೆಳೀತಾ?”

“ಅದಕ್ಕೇ ಅಲ್ವಾ ಅತ್ತಿಗೆ…” ಎಂದವಳು ಅರ್ಧಕ್ಕೇ ಮಾತು ತಡೆದಳು.

ನೀಲಿ ಸಾಲಿನ ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪದ ಬರೆದಿತ್ತು: ‘ಶಭಾಷ್!’ ಅವಳದೇ ಕೈಬರಹ.

“ಇದೇನೇ ಇದು?”

“ನನಗೇ ಹೇಳ್ಕೊಂಡಿದ್ದು,” ಎಂದಳು ಸಣ್ಣ ದನಿಯಲ್ಲಿ. “ಐದು ದಿನ ತಡವಾಗಿ ಇಟ್ಟಿದ್ರು, ಆದ್ರೂ ಬಿಳೀನ ಹಿಡ್ಕೊಂಡ್ಬಿಡ್ತು. ನನ್ನ ಸಾರು ಅಂದ್ರೆ ಸುಮ್ನೇನಾ ಅಂತ ಹೆಮ್ಮೆ ಆಯ್ತು. ಯಾಕೆ ಅಂತ ಕೇಳ್ಕೊಳ್ಳೇ ಇಲ್ಲ.”

“ಈಗ ಕೇಳ್ಕೋ.”

ಅವಳು ಸ್ಟೂಲಿನ ಮೇಲೆ ಕೂತಳು. ಮುಖದ ಬಣ್ಣ ಇಳಿಯಿತು.

“ಕಾಡಿಂದ ತಂದ ತಳಿ ಅಷ್ಟು ಬೇಗ ಬೆಳೆಯಲ್ಲ. ಅದಕ್ಕೆ ಟ್ಯೂಬು ಅಂದ್ರೆ ಆಗ್ಬರಲ್ಲ. ಬೇಗ ಬೆಳೆಯೋದು ಸಾಧು.”

ಸಾಧು ಅಂದರೆ ಟ್ಯೂಬಿನಲ್ಲೇ ಪಳಗಿದ ತಳಿಗೆ ಅವಳು ಇಟ್ಟ, ಈಗ ಸಂಸ್ಥೆಯಲ್ಲಿ ಎಲ್ಲರೂ ಕರೆಯುವ ಹೆಸರು. ಬೊರೀಲಿಯಾವನ್ನು ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ದಾಟಿಸಿದಾಗಲೆಲ್ಲ ಒಂದು ತಲೆಮಾರು ಎಂದು ಲೆಕ್ಕ. ಮೂರನೆಯದೋ ನಾಲ್ಕನೆಯದೋ ಆದರೆ ಕಾಡಿನ ಗುಣ ಹಾಗೇ ಇರುತ್ತದೆ. ಟ್ಯೂಬಿನಲ್ಲೇ ಇನ್ನೂರು ತಲೆಮಾರು ಕಳೆದರೆ, ಮೈಯೊಳಗೆ ಬದುಕಲು ಬೇಕಾದ ವಂಶವಾಹಿ ತುಣುಕುಗಳನ್ನೆಲ್ಲ ಒಂದೊಂದಾಗಿ ಉದುರಿಸಿಕೊಂಡುಬಿಡುತ್ತದೆ. ಕೂತಲ್ಲಿ ಊಟ ಸಿಗುವಾಗ ಅವು ಯಾಕೆ? ಆಮೇಲೆ ಅದನ್ನು ಇಲಿಗೆ ಚುಚ್ಚಿದರೂ ಇಲಿಗೆ ನೆಗಡಿಯೂ ಬರುವುದಿಲ್ಲ.

ನಾನು ನೀಲಿ ಸಾಲಿನ ಮೇಲೆ ಬೆರಳಿಟ್ಟೆ.

“ಅಂದ್ರೆ ಲಸಿಕೆ ಹಾಕಿದ ಇಲಿಗಳಿಗೆ ಯಾರೋ ಸಾಧೂನ ಚುಚ್ಚಿಸಿದಾರೆ. ಹಾಕದೇ ಇದ್ದವುಕ್ಕೆ ಕಾಡಿಂದು. ಸಾಧು ಬೇಗ ಬೆಳೆಯುತ್ತೆ ಅಂತ ಗೊತ್ತಿದ್ದವರೇ ಐದು ದಿನ ತಡೆದು ಇಟ್ಟಿದಾರೆ, ಎರಡೂ ಒಂದೇ ದಿನ ತಯಾರಾಗ್ಲಿ ಅಂತ. ಇದು ಕೈತಪ್ಪು ಅಲ್ಲ ಕಣೇ. ಇದು ಕೈಚಳಕ!”

ಅವಳು ಖುಷಿಪಡಬೇಕಿತ್ತು. ಪೆನ್ಸಿಲ್ಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಕೂತಳು. ಮೂರು ದಿನ ನಿದ್ದೆಗೆಟ್ಟ ಆಯಾಸ ಎಂದುಕೊಂಡೆ. ಪೊಲೀಸ್ ಬುದ್ಧಿ ಎಲ್ಲ ಕಡೆ ಓಡುತ್ತದೆ, ಮನೆಯವರ ಮುಖದ ಹತ್ತಿರ ಬಂದಾಗ ಮಾತ್ರ ಕುರುಡು.

*

ಇಲಿಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಇಲಿಮಾಮ ಎನ್ನುತ್ತಾರೆ. ಬಾಗಿಲಲ್ಲೇ ನನ್ನ ಚಪ್ಪಲಿ ಬಿಡಿಸಿ, ನೀಲಿ ಟೊಪ್ಪಿ ಹಾಕಿಸಿ, ಆಮೇಲೇ ಮಾತಿಗೆ ಸಿಕ್ಕರು. ಒಳಗೆ ಮರದ ಹೊಟ್ಟಿನ ವಾಸನೆ, ಗೋಡೆಯುದ್ದಕ್ಕೂ ಪಂಜರಗಳು, ಸಾವಿರ ಸಣ್ಣ ಉಗುರುಗಳ ಸದ್ದು.

“ಚುಚ್ಚಿದ್ದು ನಾನೇ,” ಎಂದರು. “ಎಡಗಡೆ ಪಂಜರಕ್ಕೆ ನೀಲಿ, ಬಲಗಡೆಗೆ ಬಿಳಿ. ಎರಡರ ಮೇಲೂ ‘ಮೂರನೇ ತಲೆಮಾರು’ ಅಂತ ಚೀಟಿ ಅಂಟ್ಸಿತ್ತು.”

“ಎರಡೂ ಒಂದೇ ಆದ್ರೆ ಎರಡು ಪಟ್ಟಿ ಯಾಕೆ ಅಂತ ಕೇಳ್ಲಿಲ್ವಾ?”

“ಕೇಳ್ದೆ ತಾಯಿ. ಎಣಿಸೋಕೆ ಸುಲಭ ಆಗ್ಲಿ ಅಂತ ಅಂದ್ರು.”

“ಯಾರು ಅಂದ್ರು?”

“ಮೇಷ್ಟ್ರು. ಆದ್ರೆ ಕಾಗದ ಬಂದಿದ್ದು ಆಫೀಸಿಂದ. ಮೇಷ್ಟ್ರ ಸಹಿನೂ ಇತ್ತು, ಮೇಡಂ ಸಹಿನೂ ಇತ್ತು. ಇಬ್ಬರ ಸಹಿ ಇದ್ಮೇಲೆ ನಂದೇನಿದೆ ಮಾತು?” ಅವರು ಒಂದು ಪಂಜರದ ಮುಚ್ಚಳ ಸರಿಪಡಿಸಿದರು. “ನೀಲಿ ಇಲಿಗಳು ಗುಂಡುಗುಂಡಾಗಿ ಓಡಾಡ್ತಿದ್ವು. ಹುಷಾರಾಗಿದಾವಲ್ಲ ಅಂತ ಸಂತೋಷಪಟ್ಟೆ. ಸಂತೋಷ ಆದಾಗ ಯಾರೂ ಅನುಮಾನ ಪಡಲ್ಲ, ಅಲ್ವಾ?”

ಅಡುಗೆಮನೆ ಅಕ್ಕ ತನ್ನ ಸಾರಿಗೆ ಶಭಾಷ್ ಬರೆದುಕೊಂಡಳು, ಇಲಿಮಾಮ ತಮ್ಮ ಇಲಿಗಳನ್ನು ನೋಡಿ ಹಿಗ್ಗಿದರು. ಇವರ ಹೆಮ್ಮೆಯ ಬೆನ್ನ ಮೇಲೆ ಕೂತು ಯಾರೋ ಸವಾರಿ ಮಾಡಿದ್ದರು. ನನಗೆ ಬಂದ ಸಿಟ್ಟಿಗೆ ಮೆಟ್ಟಿಲು ಎರಡೆರಡು ಹತ್ತಿ ಮೇಷ್ಟ್ರ ಕೋಣೆಗೆ ಹೋದೆ.

*

ಅವರು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಪರದೆ ಎಳೆದು ಕೋಣೆ ಮಬ್ಬು ಮಾಡಿದ್ದರು. ನಾನು ಬಾಗಿಲು ತಟ್ಟಲಿಲ್ಲ.

“ಬನ್ನಿಯಮ್ಮಾ,” ಎಂದರು ತಿರುಗದೆ. “ಬರ್ತೀರ ಅಂತ ಗೊತ್ತಿತ್ತು. ನೋಡ್ತೀರಾ?”

ನೋಡಿದೆ. ಕಪ್ಪು ಕತ್ತಲೆಯಲ್ಲಿ ಬೆಳ್ಳಿಯ ಎಳೆಗಳು. ಸುರುಳಿ ಸುತ್ತುತ್ತ, ಬಿಚ್ಚುತ್ತ, ಎಲ್ಲಿಗೋ ಅವಸರದಲ್ಲಿ ಹೋಗುತ್ತಿದ್ದವು. ಇಷ್ಟು ಚೆಂದದ್ದು ಇಷ್ಟು ಕೆಟ್ಟದ್ದು ಹೇಗೆ ಮಾಡುತ್ತದೆ ಎನಿಸಿತು.

“ಇದು ಕಾಡಿಂದು,” ಎಂದು ಗಾಜಿನ ಪಟ್ಟಿ ಬದಲಿಸಿದರು. “ಇದು ಸಾಕಿದ್ದು. ಏನು ವ್ಯತ್ಯಾಸ ಕಾಣಿಸ್ತು?”

“ಏನೂ ಇಲ್ಲ.”

“ನನಗೂ ಏನೂ ಕಾಣಿಸಲ್ಲ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ.”

“ಬಣ್ಣ ನೋಡಿದ್ರೆ ಕಾಣುತ್ತೆ ಸಾರ್. ನಾಲ್ಕನೇ ದಿನಕ್ಕೇ ಹಳದಿ.”

ಅವರ ಕೈ ತಿರುಪಿನ ಮೇಲೆ ನಿಂತಿತು. ನಾನು ನೋಟ್‌ಬುಕ್ ತೆರೆದು ಅವರ ಮುಂದಿಟ್ಟೆ. ಅವರು ಮೇಜಿನ ದೀಪ ಹಾಕಿ ಬಗ್ಗಿ ನೋಡಿದರು. ಓದುತ್ತ ಓದುತ್ತ ಅವರ ಕುತ್ತಿಗೆಯ ನರ ಎದ್ದು ಕಂಡಿತು. ‘ಶಭಾಷ್’ ಎಂಬಲ್ಲಿ ಬಹಳ ಹೊತ್ತು ನಿಂತರು.

“ಇದನ್ನ ಯಾವಾಗಿಂದ ಬರೀತಿದಾಳೆ?”

“ಇಪ್ಪತ್ತೆರಡು ವರ್ಷದಿಂದ. ನಿಮ್ಮ ಶಿಷ್ಯೆ ಅಲ್ವಾ? ನೀವು ಒಂದು ದಿನಾನೂ ಅವಳ ಅಡುಗೆಮನೆಗೆ ಹೋಗಿ ನೋಡಿಲ್ಲ.”

“ಇಲ್ಲ,” ಎಂದರು. ಆ ಮಾತಿನಲ್ಲಿ ನಾಚಿಕೆ ಇತ್ತು, ನಿಜವಾದದ್ದು. ಆದರೆ ನಾಚಿಕೆ ಕಂಡಾಗಲೆಲ್ಲ ಕರಗಿದ್ದರೆ ನಾನು ಒಬ್ಬ ಕಳ್ಳನನ್ನೂ ಹಿಡಿಯುತ್ತಿರಲಿಲ್ಲ.

“ಎರಡು ಪಟ್ಟಿ ಹಾಕಿ ಅಂತ ಹೇಳಿದ್ದು ನೀವು. ಲಸಿಕೆ ನಿಮ್ದು. ಹೆಸರು ಬಂದಿದ್ದು ನಿಮ್ಗೆ. ಸಾಧೂನ ಸೇರಿಸಿದ್ದೂ ನೀವೇ ಅಂತ ಒಪ್ಕೊಂಡ್ಬಿಡಿ, ಅವಳನ್ನ ಬಿಟ್ಬಿಡಿ.”

“ನಾನು ಕೊಟ್ಟಿದ್ದು ಎರಡೂ ಮೂರನೇ ತಲೆಮಾರೇ. ಮಧ್ಯೆ ಏನಾಯ್ತೋ ನನಗೆ ಗೊತ್ತಿಲ್ಲ.”

“ಇದನ್ನ ಯಾರು ನಂಬ್ತಾರೆ?”

“ಯಾರೂ ನಂಬಲ್ಲ. ನಂಬದೇ ಇದ್ರೂ ಪರವಾಗಿಲ್ಲ.” ಕನ್ನಡಕ ತೆಗೆದರು. ಬರಿಗಣ್ಣು ಕೆಂಪಾಗಿತ್ತು. “ಆದ್ರೆ ಒಂದು ಮಾತು ಕೇಳ್ತೀನಿ. ಸಾಧು ಎಲ್ಲಿರುತ್ತೆ ಗೊತ್ತೇನಮ್ಮಾ?”

ನಾನು ನೋಟ್‌ಬುಕ್ ಮುಚ್ಚಿ ಎತ್ತಿಕೊಂಡೆ.

“ನಮ್ಮ ಯಾರ ಫ್ರೀಜರಿನಲ್ಲೂ ಇಲ್ಲ. ಪ್ರಯೋಗದ ತಳಿಗೆ ಬೆರೆತೀತು ಅಂತ ನಾವು ಅದನ್ನ ಇಟ್ಕೊಳ್ಳಲ್ಲ. ಹೊಸ ಸಾರು ಮಾಡಿದಾಗ, ಸರಿಯಾಗಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ ಮಾತ್ರ ಅದು ಬೇಕು. ಸಾರು ಮಾಡೋರು ಯಾರು? ಸಾಧು ಇರೋದು ಒಂದೇ ಡಬ್ಬೀಲಿ. ಅಡುಗೆಮನೆ ಡಬ್ಬಿ. ಬೀಗ ಅವಳದು, ಕೀಲಿನೂ ಅವಳದೇ.”

ನಾನು ಗೋಡೆ ಹಿಡಿದುಕೊಂಡೆ. ಹಿಡಿದುಕೊಂಡದ್ದು ಅವರಿಗೆ ಕಾಣಬಾರದೆಂದು ಒರಗಿ ನಿಂತವಳ ಹಾಗೆ ನಟಿಸಿದೆ.

“ನೀವು ತಂದಿರೋ ಸಾಕ್ಷಿ ನಿಜ,” ಎಂದರು ಮೇಷ್ಟ್ರು. “ಅದೇ ತೊಂದರೆ. ಆ ನೋಟ್‌ಬುಕ್ ಹೊರಗೆ ಬಂದ್ರೆ ಸೀರಂ ಕಥೆ ಬಿದ್ದುಹೋಗುತ್ತೆ. ಬಿದ್ದ ಮೇಲೆ ಉಳಿಯೋದು ಮೋಸ. ಮೋಸಕ್ಕೆ ಬೇಕಾದ ತಳಿ ಇದ್ದಿದ್ದು ಒಬ್ಬಳ ಕೈಯಲ್ಲಿ. ಸಹಿ ಹಾಕಿದ್ರೆ ಅವಳು ಬೇಜವಾಬ್ದಾರಿ. ನೋಟ್‌ಬುಕ್ ತೋರಿಸಿದ್ರೆ ಅಪರಾಧಿ. ನಾಲ್ಕು ಗಂಟೆಗೆ ಮೊದ್ಲು ಅವಳಿಗೆ ಇದನ್ನ ಹೇಳಿ.”

“ಹೆದರಿಸ್ತಿದ್ದೀರಾ?”

“ಹೆದರಿದ್ದೀನಿ,” ಎಂದರು ಮೇಷ್ಟ್ರು.

*

ಕಾರಿಡಾರಿನಲ್ಲಿ ನನ್ನ ಗಂಡ ಎರಡು ಲೋಟ ಚಹಾ ಹಿಡಿದು ನಿಂತಿದ್ದ. ಒಂದು ಲೋಟ ಆಗಲೇ ಆರಿ ಕೆನೆಗಟ್ಟಿತ್ತು.

“ಸಹಿ ಹಾಕಿಸ್ಬಿಡು ಕಣೇ,” ಎಂದ. “ಪುಟ್ಟಿ ಮನೇಲಿರ್ತಾಳೆ. ನಾವಿಬ್ಬರೂ ಇದ್ದೀವಲ್ಲ, ನೋಡ್ಕೊಳ್ಳೋಣ.”

“ಅವಳು ಬೆಕ್ಕಿನಮರಿ ಏನ್ರಿ, ನೋಡ್ಕೊಳ್ಳೋಕೆ? ಇಪ್ಪತ್ತೆರಡು ವರ್ಷ ದುಡಿದು ‘ಕೆಟ್ಟ ಸಾರು ಮಾಡಿದವಳು’ ಅನ್ನಿಸ್ಕೊಂಡು ಹೋಗ್ಬೇಕಾ? ಆ ಕಾಗದ ಟೈಪ್ ಮಾಡೋಕೆ ನಿಮಗೆ ಕೈಯಾದ್ರೂ ಹೇಗೆ ಬಂತು?”

“ನಾನು ಟೈಪ್ ಮಾಡೋನು ಅಷ್ಟೇ. ಹೇಳಿದ್ದನ್ನ ಮಾಡ್ತೀನಿ.”

“ಅದೇ ನೋಡಿ ನಿಮ್ಮ ರೋಗ. ಅದಕ್ಕೆ ಲಸಿಕೆ ಇಲ್ಲ.”

ಅವನು ಏನೋ ಹೇಳಲು ಹೋದ, ನುಂಗಿಕೊಂಡ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನು ನುಂಗಿಕೊಂಡ ಮಾತುಗಳನ್ನು ಕೇಳುವ ತಾಳ್ಮೆ ನನಗೆ ಇದ್ದದ್ದಿಲ್ಲ. ಆ ದಿನವೂ ಇರಲಿಲ್ಲ.

ನಾದಿನಿ ಅಡುಗೆಮನೆಯಲ್ಲಿ ಮುಂದೆ ಬಂದಿದ್ದ ಡಬ್ಬವನ್ನು ಸಾಲಿಗೆ ಸೇರಿಸಿ, ಮೇಜು ಒರೆಸಿ, ಬಿಳಿ ಕೋಟಿನ ಗುಂಡಿ ಹಾಕಿಕೊಂಡು ಸಿದ್ಧಳಾಗಿದ್ದಳು. ಮೇಷ್ಟ್ರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳಿಂದ ಮುಚ್ಚಿಡುವ ಹಕ್ಕು ನನಗಿರಲಿಲ್ಲ.

“ಗೊತ್ತು,” ಎಂದಳು.

“ಗೊತ್ತಾ? ಯಾವಾಗಿಂದ?”

“ಬೆಳಿಗ್ಗೆ ಆ ಪುಟ ನೋಡಿದಾಗಿಂದ.”

“ಮತ್ತೆ ಏನ್ಮಾಡೋಣ? ನೀನು ಹೇಳಿದ ಹಾಗೆ. ಸಹಿ ಹಾಕ್ತೀನಿ ಅಂದ್ರೂ ನಾನು ಬೇಡ ಅನ್ನಲ್ಲ.” ಅವಳು ಸಹಿ ಹಾಕಲಿ ಎಂದು ಅರ್ಧ ಮನಸ್ಸು ಬೇಡಿಕೊಳ್ಳುತ್ತಿತ್ತು.

“ಅತ್ತಿಗೆ, ನಾಳೆ ಇದು ಪೇಟೆಗೆ ಬಂದ್ರೆ ಕಾಡಿಗೆ ಹೋಗೋರು ಆ ಲಸಿಕೆ ನಂಬ್ಕೊಂಡು ಉಣುಗು ಕಚ್ಚಿದ್ರೂ ಸುಮ್ನಿರ್ತಾರೆ. ಕೆಂಪು ಗುರುತು ಕಂಡ್ರೂ ಔಷಧಿ ತಗೊಳ್ಳಲ್ಲ. ಸೀರಂ ತಪ್ಪು ಅಂತ ನಾನು ಬರ್ಕೊಟ್ರೆ, ‘ಪ್ರಯೋಗದಲ್ಲಿ ಎಡವಟ್ಟು, ಲಸಿಕೆ ಚೆನ್ನಾಗೇ ಇದೆ’ ಅಂತ ಇನ್ನೊಂದು ಪರೀಕ್ಷೆಗೆ ಹೋಗ್ತಾರೆ. ನನ್ನ ಸಹಿ ಮೇಲೆ ಹೋಗ್ತಾರೆ.” ಅವಳು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡಳು. “ನನ್ನ ಸಾರು ಕೆಟ್ಟಿತ್ತು ಅಂತ ಸಾಯೋವರೆಗೂ ಒಪ್ಪಲ್ಲ. ಬನ್ನಿ.”

*

ನಾಲ್ಕಕ್ಕೆ ಹದಿನೈದು ನಿಮಿಷ. ಅದೇ ಕೋಣೆ, ಅದೇ ಹಾಳೆ. ಪೆನ್ನಿನ ಮುಚ್ಚಳ ಈಗ ಹಾಕಿತ್ತು.

ನಾದಿನಿ ಕೂರಲಿಲ್ಲ. ತಪ್ಪೊಪ್ಪಿಗೆಯ ಹಾಳೆಯ ಮೇಲೆ ನೋಟ್‌ಬುಕ್ಕನ್ನು ತೆರೆದಿಟ್ಟಳು. ಹೇಳಬೇಕಾದ್ದನ್ನು ಅವಳೇ ಹೇಳಿದಳು, ಚೌಕ ಚೌಕವಾಗಿ, ಬಣ್ಣ ಬಣ್ಣವಾಗಿ. ನಾನು ಒಂದು ಮಾತೂ ಸೇರಿಸಲಿಲ್ಲ. ಮೂಲೆಯಲ್ಲಿ ನನ್ನ ಗಂಡನ ಪೆನ್ನು ಸರಸರ ಓಡುತ್ತಿತ್ತು.

ನಿರ್ದೇಶಕಿ ಕೊನೆಯವರೆಗೂ ಕೇಳಿದರು.

“ಅಂದ್ರೆ ಇಲಿಗಳಿಗೆ ಚುಚ್ಚಿದ್ದು ನಿಮ್ಮ ಡಬ್ಬಿಯ ತಳಿ,” ಎಂದರು.

“ಹೌದು ಮೇಡಂ.”

“ನಿಮ್ಮ ಬೀಗ. ನಿಮ್ಮ ಕೀಲಿ.”

“ಹೌದು.”

“ಯಾರಾದ್ರೂ ಬೀಗ ಒಡೆದಿದ್ರಾ?”

“ಇಲ್ಲ. ಆ ಟ್ಯೂಬನ್ನ ತೆಗೆದುಕೊಟ್ಟಿದ್ದು ನಾನೇ.”

ಮೇಷ್ಟ್ರ ಕೈಯಿಂದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಬೆಳಿಗ್ಗೆಯಿಂದ ಅವಳಿಗಾಗಿ ತಿರುಗಿದ್ದೇನೆ, ಈ ಮಾತು ನನಗೆ ಹೇಳಿರಲಿಲ್ಲ.

“ಬೇರೆ ಕಡೆಯಿಂದ ಬಂದವರಿಗೆ ಹೊಸ ಕ್ಯಾಮೆರಾದಲ್ಲಿ ತೋರಿಸ್ಬೇಕು, ಅಪಾಯ ಇಲ್ಲದ ತಳಿ ಒಂದು ಟ್ಯೂಬು ಕೊಡಿ ಅಂತ ಟೈಪ್ ಮಾಡಿದ, ಸಹಿ ಇಲ್ಲದ ಚೀಟಿ ಬಂತು,” ಎಂದಳು ನಾದಿನಿ. “ಕೊಟ್ಟೆ. ಹನ್ನೊಂದನೇ ತಾರೀಕು, ಮಧ್ಯಾಹ್ನ. ಮಾರನೇ ದಿನ ನೀಲಿ ಪಟ್ಟಿ ಟ್ಯೂಬು ಬೆಚ್ಚನೆ ಪೆಟ್ಟಿಗೆಗೆ ಬಂತು. ಎರಡನ್ನೂ ಸೇರಿಸಿ ನೋಡೋ ಬುದ್ಧಿ ಇವತ್ತಿನವರೆಗೂ ಬರ್ಲಿಲ್ಲ ನನಗೆ.”

“ಯಾರಿಗೆ ಕೊಟ್ರಿ?” ನಿರ್ದೇಶಕಿಯ ದನಿ ಮೊದಲ ಬಾರಿಗೆ ಒಂದು ಎಳೆ ಮೇಲೇರಿತು.

ನಾದಿನಿ ನನ್ನ ಕಡೆ ತಿರುಗಿದಳು.

“ಅತ್ತಿಗೆ, ಬೇಡ ಅನ್ನೋದಾದ್ರೆ ಈಗ್ಲೇ ಬೇಡ ಅಂದ್ಬಿಡಿ. ಆ ಕಾಗದಕ್ಕೆ ಸಹಿ ಹಾಕಿ ಮನೆಗೆ ಬರ್ತೀನಿ. ಇನ್ನೂ ಮೂರು ನಿಮಿಷ ಇದೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದೂರ ಬಂದು ಈಗ ಹಿಂಜರಿಯುವುದೇ?

“ಯಾರೇ ಆಗಿರ್ಲಿ, ಹೇಳು!” ಎಂದೆ. “ಎಷ್ಟು ದೊಡ್ಡವರೇ ಆಗಿರ್ಲಿ. ಈ ಕುರ್ಚೀಲಿ ಕೂತವರೇ ಆಗಿರ್ಲಿ. ರೀ, ಅವಳು ಹೇಳೋ ಹೆಸರನ್ನ ಹೇಳಿದ ಹಾಗೇ ಬರ್ಕೊಳ್ಳಿ.”

“ಚೀಟಿ ತಂದಿದ್ದು, ಟ್ಯೂಬು ತಗೊಂಡು ಹೋಗಿದ್ದು,” ಎಂದಳು ನಾದಿನಿ, “ನಮ್ಮಣ್ಣ.”

ಓಡುತ್ತಿದ್ದ ಪೆನ್ನು ನಿಂತಿತು.

ನಾನು ಮೂಲೆಗೆ ತಿರುಗಿದೆ. ನನ್ನ ಗಂಡ ನಡಾವಳಿಯ ಪುಸ್ತಕದ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಕೂತಿದ್ದ. ಹೆದರಿದವನ ಹಾಗಿರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಬಂದವನ ಹಾಗಿದ್ದ.

“ಆ ಪುಸ್ತಕ ಇಲ್ಲಿ ಕೊಡಿ,” ಎಂದರು ನಿರ್ದೇಶಕಿ.

“ಕೊಡಿ, ನಾನು ನೋಡ್ತೀನಿ,” ಎಂದರು ಮೇಷ್ಟ್ರೂ, ಅದೇ ಗಳಿಗೆಯಲ್ಲಿ. ಇಬ್ಬರ ಕೈಗಳೂ ಒಟ್ಟಿಗೆ ಚಾಚಿದವು.

ಹೇಳಿದ್ದನ್ನು ಮಾಡುವ ಮನುಷ್ಯ ನನ್ನ ಗಂಡ. ಈ ಸಲ ಮಾತ್ರ ಇಬ್ಬರಿಗೂ ಕೊಡಲಿಲ್ಲ. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ನನ್ನನ್ನು ನೋಡಿದ.

“ಕ್ಯಾಮೆರಾಗೆ ಅಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು,” ಎಂದ. “ಚೀಟಿ ಬರೆದವರು ಈ ಕೋಣೇಲೇ ಇದಾರೆ. ಅವರ ಹೆಸರು ಬರೆದ್ರೆ ಅದರ ಕೆಳಗೆ ನನ್ನ ಹೆಸರೂ ಬರೀಬೇಕಾಗುತ್ತೆ. ಪುಟ್ಟಿ ಮನೆಗೆ ಬರ್ತಾಳೆ, ನಾನು ಬರಲ್ಲ.”

ಅವನು ಪೆನ್ನು ಎತ್ತಿ ಕಾಗದದ ಮೇಲಿಟ್ಟ.

“ನೀನೇ ಹೇಳಿದ್ಯಲ್ಲ, ಯಾರೇ ಆಗಿರ್ಲಿ ಅಂತ. ಬರೀಲಾ?”